ಹೇರೆತ್ತಿನ ದಾರಿಯಿಂದ ಠಾಣೆಯ ಪಟ್ಟಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸು ಆಡಳಿತಕ್ಕೆ ಒಳಪಟ್ಟ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಲ್ಲಿನ ಲಂಬಾಣಿಗರ ಮತ್ತು ಕೊರಚರ ಬಡತನಕ್ಕೆ ಅವರ ಅಲೆದಾಟವೇ ಕಾರಣವೆಂಬ ಮಾತುಂಟು. ಇದನ್ನು ನಾವು ಒಪ್ಪಲಾರೆವು.

ಗಾಡಿದಾರಿಗಳು ವಿರಳವಾಗಿದ್ದ ಕಾಲದಲ್ಲಿ ಅಲೆದಾಟವೇ ಅವರ ಕಸುಬಾಗಿತ್ತು. ಎತ್ತುಗಳ ಮೇಲೆ ಹೇರು ಹೊರಿಸಿ, ಕರಾವಳಿಯ ಉಪ್ಪನ್ನು ಬಯಲುಸೀಮೆಗೂ ಇಲ್ಲಿಯ ಧಾನ್ಯವನ್ನು ಹೊರಸೀಮೆಗೂ ಅವರು ಸಾಗಿಸುತ್ತಿದ್ದರು. ಲಂಬಾಣಿಗರು ದಂಡುಗಳಿಗೂ ದವಸ ಒದಗಿಸುತ್ತಿದ್ದರು. 1876-78ರ ಕ್ಷಾಮದಲ್ಲಿ ದನಕರುಗಳು ನಾಶವಾದವು. 1880ರ ದಶಕದಲ್ಲಿ ಬಳ್ಳಾರಿ-ಹೊಸಪೇಟೆಗಳ ಮೂಲಕ ರೈಲು ಬಂದಿತು. ಹೇರಿನ ವ್ಯಾಪಾರ ಕುಸಿಯಿತು. ಬದಲಿಗೆ ಉಳುವ ಭೂಮಿ ದೊರೆಯಲಿಲ್ಲ.

ಕಸುಬು ತಪ್ಪಿದವರ ಮೇಲೆ ಕಾನೂನಿನ ಶಂಕೆ ಬಿದ್ದಿತು. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮದರಾಸಿಗೂ ವ್ಯಾಪಿಸಿತು. ಕೊರಚರೇ ಮೊದಲಾದ ಪಂಗಡಗಳು ಅದರ ಹಿಡಿತಕ್ಕೆ ಸಿಕ್ಕಿದವು. ಹೆಸರು ದಾಖಲಾದವನು ಬೆರಳಚ್ಚು ಕೊಡಬೇಕು, ವಾಸ ಬದಲಿಸಿದರೆ ತಿಳಿಸಬೇಕು. ವ್ಯಕ್ತಿಯ ಕೃತ್ಯವಲ್ಲ, ಹುಟ್ಟೇ ಇಲ್ಲಿ ಆಧಾರವಾಯಿತು.

ಇದೇ ಕಾಲದ ಯುರೋಪನ್ನು ನೋಡಿದರೆ ಸಾಮ್ಯ ಸ್ಪಷ್ಟವಾಗುತ್ತದೆ. 1899ರಲ್ಲಿ ಮ್ಯೂನಿಕ್ ಪೊಲೀಸರು ರೋಮಾ ಜನರ ವಿವರ ಸಂಗ್ರಹಿಸಲು ಪ್ರತ್ಯೇಕ ಕಚೇರಿ ತೆರೆದರು. 1912ರಲ್ಲಿ ಫ್ರಾನ್ಸ್ ಅಲೆಮಾರಿಗಳು ದೇಹದ ಅಳತೆ, ಬೆರಳಚ್ಚುಗಳಿದ್ದ ಪುಸ್ತಕವನ್ನು ಜೊತೆಯಲ್ಲಿರಿಸಿಕೊಳ್ಳಬೇಕೆಂದು ವಿಧಿಸಿತು. ಆ ಕಾನೂನು 1969ರವರೆಗೆ ಉಳಿಯಿತು. ರೋಮಾನಿ, ಲಂಬಾಣಿ ಎರಡೂ ಇಂಡೋ-ಆರ್ಯನ್ ಭಾಷೆಗಳು. ಇಷ್ಟರಿಂದಲೇ ಅವರನ್ನು ಒಂದೇ ಕುಲದವರೆನ್ನಲಾಗದು. ನಿಜವಾದ ಸಾಮ್ಯವಿರುವುದು ಆಳುವವರ ದೃಷ್ಟಿಯಲ್ಲಿ.

ಮದರಾಸು ಪ್ರಾಂತವು 1947ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಿತು. 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾನೂನುಗಳು ಅದರ ಸ್ಥಾನಕ್ಕೆ ಬಂದವು. ವಿಮುಕ್ತ ಬುಡಕಟ್ಟುಗಳನ್ನು ಸೆರೆಮನೆಯ ನಿಯಮಗಳಲ್ಲಿ ಹುಟ್ಟು ಅಪರಾಧಿಗಳಂತೆ ಕಾಣುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಹೇಳಬೇಕಾಯಿತು. ಕರ್ನಾಟಕದಲ್ಲಿ ಲಂಬಾಣಿ, ಕೊರಚರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿದೆ; ತಾಂಡಾಗಳಿಂದ ವಿದ್ಯಾವಂತರೂ ಬಂದಿದ್ದಾರೆ. ಆದರೂ ಮಳೆ ಕೈಕೊಟ್ಟಾಗ ಅನೇಕ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಗಳಲ್ಲಿ ದುಡಿಯಲು ಗುಳೆ ಹೋಗುತ್ತವೆ.

ಹಿಂದೆ ಅವರು ಸರಕಿನೊಡನೆ ನಡೆದರು. ಈಗ ಬರಿಗೈಯಲ್ಲಿ ಹೋಗುತ್ತಾರೆ. ಠಾಣೆಯ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು ಈ ಜನರ ಚರಿತ್ರೆ ಬರೆಯುವವರು, ಅದಕ್ಕೂ ಹಿಂದಿನ ಉಪ್ಪಿನ ದಾರಿಗಳನ್ನು ಮೊದಲು ಪರಿಶೀಲಿಸಬೇಕೆಂದು ನಮ್ಮ ಅಭಿಪ್ರಾಯ.