ನಾದ ಕೇಳಿದೆವು, ಮುಖ ನೋಡಲಿಲ್ಲ

ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲಾಗಲಿ, ಭದ್ರಾವತಿಯ ಬಡಾವಣೆಗಳ ಚಪ್ಪರದಡಿಯಲ್ಲಾಗಲಿ, ಮದುವೆಯ ವಾಲಗದಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ನಮಗೀಗ ಅಚ್ಚರಿಯಿಲ್ಲ. ಆಶೀರ್ವದಿಸಿ, ಊಟ ಮುಗಿಸಿ ಮನೆಗೆ ಮರಳುತ್ತೇವೆ. ನುಡಿಸಿದವರ ಹೆಸರು ಕೇಳುವ ಅಭ್ಯಾಸ ನಮಗಿಲ್ಲ. 'ವಾಲಗದವರು' ಎಂಬ ಒಂದೇ ಮಾತಿನಲ್ಲಿ, ತುಸು ತಾತ್ಸಾರವನ್ನೂ ಬೆರೆಸಿ, ಅವರನ್ನು ಮರೆತುಬಿಡುತ್ತೇವೆ.

ಈ ವಾದ್ಯ ನಮ್ಮ ಚಪ್ಪರಕ್ಕೆ ಬಂದ ದಾರಿ ದೀರ್ಘವಾದದ್ದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸೇನಾ ಬ್ಯಾಂಡುಗಳಲ್ಲಿ ಬೆಳೆದ ವಾದ್ಯ ಅಮೆರಿಕದ ಕಪ್ಪು ಕಲಾವಿದರ ಕೈಯಲ್ಲಿ ಜಾಝ್‌ನ ದನಿಯಾಯಿತು. ಇತ್ತ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತವರು ಬಂಟ್ವಾಳ ತಾಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥ್ (1949-2019). ನಾಗಸ್ವರ ನುಡಿಸುತ್ತಿದ್ದ ತನಿಯಪ್ಪನವರ ಮಗ. ವರ್ಷಗಟ್ಟಲೆ ಶ್ರಮಿಸಿ, ಆ ಲೋಹದ ಕೊಳವೆಯಿಂದ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು.

1994ರಲ್ಲಿ ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಡ್ಯುಯೆಟ್' ಬಂತು. ಅದರ ತುಂಬ ಕದ್ರಿಯವರ ಉಸಿರಿತ್ತು. ತೆರೆಯ ಮೇಲೆ ವಾದ್ಯ ಹಿಡಿದು ನಿಂತವರು ಮಾತ್ರ ನಟ ಪ್ರಭು. ಕಥಾಚಿತ್ರದ ರೀತಿಯೇ ಅದು, ತಪ್ಪೆನ್ನಲಾಗದು. ಆದರೆ ನುಡಿಸುವವರನ್ನೇ ತೆರೆಗೆ ತರುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ.

ಅದಕ್ಕೊಂದು ಉತ್ತರ ಶರ್ಲಿ ಕ್ಲಾರ್ಕ್ ಅವರ 'ಆರ್ನೆಟ್: ಮೇಡ್ ಇನ್ ಅಮೆರಿಕ' (1985). ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಹುಟ್ಟಿದ್ದು 1930ರಲ್ಲಿ, ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲವದು. 1983ರಲ್ಲಿ ಅದೇ ಊರಿನ ಮೇಯರ್ ಅವರಿಗೆ ನಗರದ ಕೀಲಿಕೈ ಕೊಟ್ಟು ಗೌರವಿಸಿದರು. ಚಿತ್ರ ಅಲ್ಲಿಂದಲೇ ತೊಡಗುತ್ತದೆ. ಆದರೆ ಹುಟ್ಟು, ಕಲಿಕೆ, ಪ್ರಶಸ್ತಿ ಎಂದು ಸಾಲಾಗಿ ಹೇಳುವುದಿಲ್ಲ. 1960ರ ದಶಕದಲ್ಲಿ ತೆಗೆದು ಅರ್ಧಕ್ಕೆ ನಿಂತಿದ್ದ ಚಿತ್ರಿಕೆಗಳು, ಡ್ರಮ್ ಬಾರಿಸುವ ಎಳೆಯ ಮಗ, ರೈಲು ಹಳಿಯ ಬದಿಯ ಹಳೆಯ ಮನೆ, ಬಾಲಕ ಆರ್ನೆಟ್‌ನಾಗಿ ನಟಿಸುವ ಹುಡುಗ, ಎಲ್ಲವೂ ಒಂದರೊಳಗೊಂದು ಬೆರೆಯುತ್ತವೆ. ಕಟ್ಟಿದ ಸ್ವರಸರಣಿಯನ್ನು ಬಿಟ್ಟು ಹೊರಟ ಕೋಲ್ಮನ್ ಸಂಗೀತದ ನಡೆಯೂ ಹಾಗೆಯೇ. ಕಲಾವಿದರ ಜೊತೆಗೆ ಅವರ ಊರೂ ಚಿತ್ರದಲ್ಲಿ ಒಂದು ಪಾತ್ರವಾಗುತ್ತದೆ.

ನಮ್ಮ ಊರುಗಳಿಗೂ ಇಂಥ ಕಥೆಗಳಿವೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ನಾನಾ ಸೀಮೆಗಳ ಜನ ಬಂದು ನೆಲೆಸಿದ ಊರು ಭದ್ರಾವತಿ. ಬಂದವರು ತಮ್ಮ ಭಾಷೆ, ಹಬ್ಬಗಳ ಜೊತೆ ಹಾಡು, ವಾದ್ಯಗಳನ್ನೂ ತಂದರು. ಆ ಚರಿತ್ರೆ ಕಾರ್ಖಾನೆಯ ದಾಖಲೆಗಳಲ್ಲಿ ಸಿಗುವಂಥದ್ದಲ್ಲ. ನುಡಿಸಿದವರ ನೆನಪಿನಲ್ಲಿ ಮಾತ್ರ ಇರುವಂಥದ್ದು.

ಇಂದು ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಮದುಮಕ್ಕಳ ಕಡೆ ತಿರುಗುವ ಆ ಕ್ಯಾಮೆರಾವನ್ನು ಒಮ್ಮೆ ಮಂಟಪದ ಮೂಲೆಗೂ ತಿರುಗಿಸೋಣ. ವಾಲಗ ನಿಂತ ಮೇಲೆ ಹತ್ತಿರ ಕುಳಿತು, ಯಾರಿಂದ ಕಲಿತಿರಿ, ಮೊದಲ ವಾದ್ಯ ಹೇಗೆ ಕೊಂಡಿರಿ, ಮಕ್ಕಳು ಕಲಿಯುತ್ತಿದ್ದಾರೆಯೇ ಎಂದು ಕೇಳೋಣ. ಅದಕ್ಕೂ ಮೊದಲು ಅವರ ಹೆಸರು ಕೇಳೋಣ.