ತೆರೆಯದೆ ಉಳಿದ ಪುಸ್ತಕ

ಕೋಲ್ಕತ್ತದ ಪೊಲೀಸ್ ವಸ್ತುಸಂಗ್ರಹಾಲಯದಲ್ಲಿ ದಪ್ಪನೆಯ ಕಾನೂನು ಪುಸ್ತಕವೊಂದಿದೆ. ಅದರ ಹಾಳೆಗಳ ನಡುವೆ ಚೌಕಾಕಾರದ ಗುಳಿ ಕೊರೆಯಲಾಗಿದೆ. ಒಂದು ಕಾಲಕ್ಕೆ ಅಲ್ಲಿ ಅಡಗಿದ್ದುದು ಕೋಕೋ ಡಬ್ಬಿಯಲ್ಲಿ ತುಂಬಿದ ಬಾಂಬ್!

ನಗರದ ಮುಖ್ಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್ ಆಗಿದ್ದ ಕಿಂಗ್ಸ್‌ಫರ್ಡ್, 1907ರಲ್ಲಿ ಸುಶೀಲ್ ಸೇನ್ ಎಂಬ ಹದಿಹರೆಯದ ಹುಡುಗನಿಗೆ ಛಡಿ ಏಟಿನ ಶಿಕ್ಷೆ ವಿಧಿಸಿ ಕ್ರಾಂತಿಕಾರಿಗಳ ಕೋಪಕ್ಕೆ ಗುರಿಯಾಗಿದ್ದ. ಪ್ಯಾರಿಸ್‌ನಲ್ಲಿ ಬಾಂಬ್ ತಯಾರಿಕೆ ಕಲಿತು ಬಂದಿದ್ದ ಹೇಮಚಂದ್ರ ಕಾನುಂಗೊ ಈ ಪುಸ್ತಕವನ್ನು ಸಿದ್ಧಪಡಿಸಿದರು. 1908ರ ಆರಂಭದಲ್ಲಿ ಅದು ಕಿಂಗ್ಸ್‌ಫರ್ಡ್ ಮನೆ ಸೇರಿತು. ಸ್ನೇಹಿತರು ಹಿಂದಿರುಗಿಸಿದ ಪುಸ್ತಕವಿರಬೇಕೆಂದು ಆತ ಬಿಚ್ಚದೆ ಇಟ್ಟುಬಿಟ್ಟ. ಜೀವ ಉಳಿಯಿತು.

ಬಳಿಕ ಆತನಿಗೆ ಬಿಹಾರದ ಮುಜಫ್ಫರ್‌ಪುರಕ್ಕೆ ವರ್ಗವಾಯಿತು. ಅಲ್ಲಿ ಏಪ್ರಿಲ್ 30ರಂದು ಆತನ ಗಾಡಿಯೆಂದು ಭಾವಿಸಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಎಸೆದ ಬಾಂಬಿಗೆ ಬಲಿಯಾದವರು ಕೆನೆಡಿ ಕುಟುಂಬದ ತಾಯಿ, ಮಗಳು. ಚಾಕಿ ಗುಂಡು ಹಾರಿಸಿಕೊಂಡು ಮಡಿದರು. ಆಗಸ್ಟ್ 11ರಂದು ಗಲ್ಲಿಗೇರಿದಾಗ ಖುದಿರಾಮ್‌ಗೆ 18 ವರ್ಷ. ಪುಸ್ತಕದ ಬಾಂಬ್ ಪೊಲೀಸರ ಕೈಸೇರಿದ್ದು 1909ರಲ್ಲಿ.

ಅಂದು ಇಲಾಖೆ ಅದನ್ನು ಅಪರಾಧದ ಸಾಕ್ಷ್ಯವೆಂದು ಕಾಪಿಟ್ಟಿತು. ಇಂದು ಅದೇ ಇಲಾಖೆ, ರಾಜಾ ರಾಮಮೋಹನ ರಾಯರು ವಾಸವಾಗಿದ್ದ ಮನೆಯಲ್ಲಿ, ಸ್ವಾತಂತ್ರ್ಯ ಹೋರಾಟದ ಕುರುಹೆಂದು ಅದನ್ನು ತೋರಿಸುತ್ತಿದೆ. ವಸ್ತು ಬದಲಾಗಿಲ್ಲ, ಬದಲಾದದ್ದು ಆಳುವವರು. ಆದರೆ ಯಾರ ಆಳ್ವಿಕೆಯಲ್ಲೂ ಆ ತಾಯಿ-ಮಗಳ ಸಾವು ಸಾವೇ. ಖುದಿರಾಮನಿಗೆ ಕೈಮುಗಿಯುವವರು ಅವರನ್ನೂ ಒಮ್ಮೆ ನೆನೆದರೆ ಇತಿಹಾಸ ಪೂರ್ಣವಾದೀತು.