ಕಾಡಿಗೊಂದು ಪೆಟ್ಟಿಗೆ, ಬೆಟ್ಟಕ್ಕೊಂದು ಪೆಟ್ಟಿಗೆ

ಕಾಡಿನ ಪ್ರಾಣಿಗಳನ್ನೂ ಬೆಟ್ಟಬಯಲುಗಳನ್ನೂ ಸಮಾನವಾಗಿ ಪ್ರೀತಿಸತಕ್ಕ ಮನುಷ್ಯನೊಬ್ಬನು ಕ್ಯಾಮೆರಾ ಕೊಳ್ಳಲೆಂದು ಹೊರಟು, ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು, ಈ ಬಾಡಿಯೋ ಆ ಬಾಡಿಯೋ ಎಂದು ನಿಶ್ಚಯಿಸಲಾರದೆ ಬರಿಗೈಯಲ್ಲಿ ಮನೆಗೆ ಹಿಂದಿರುಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕೆಲವು ಬಾರಿ ಆ ಮನುಷ್ಯನು ನಾನೇ ಆಗಿದ್ದೆನೆಂಬುದನ್ನು ಮರೆಮಾಚಲಾರೆ. ಒಂದು ಬಾಡಿ, ಓಡುವ ಜಿಂಕೆಯನ್ನು ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಹಿಡಿದುಕೊಡುವೆನೆನ್ನುತ್ತದೆ. ಇನ್ನೊಂದು, ಎದುರಿನ ಗುಡ್ಡದ ಶೋಲೆಯ ಮರಗಳಲ್ಲಿ ಎಲೆಯೆಲೆಯನ್ನೂ ಎಣಿಸಿಕೊಡುವೆನೆನ್ನುತ್ತದೆ. ಎರಡನ್ನೂ ಮಾಡುವ ಮೂರನೆಯದೊಂದು ಕಪಾಟಿನ ಮೇಲಂತಸ್ತಿನಲ್ಲಿ ಇಲ್ಲದೆಯಿಲ್ಲ. ಆದರೆ ಅದರ ಬೆಲೆಯನ್ನು ಕೇಳಿದವನ ಕಣ್ಣು ತಾನಾಗಿಯೇ ಕೆಳಗಿಳಿಯುತ್ತದೆ. ಈ ತೊಳಲಾಟವನ್ನು ಇಂದಿನ ಕಾಲದ ಚಾಪಲ್ಯವೆಂದು ಹಳಿಯುವವರುಂಟು. ಅದು ಸರಿಯಲ್ಲ. ಈ ವ್ಯಾಧಿ ಛಾಯಾಗ್ರಹಣದ ಜೊತೆಯಲ್ಲಿಯೇ ಹುಟ್ಟಿದ್ದು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿಯೂ ಅದಕ್ಕೆ ಮದ್ದಿರಲಿಲ್ಲ.

ಅದರ ಮೂಲವೂ ಸರಳವಾದುದು. ಪ್ರಾಣಿಯು ಛಾಯಾಗ್ರಾಹಕನಿಂದ ಕೇಳುವುದು ಕಾಲದ ಸೂಕ್ಷ್ಮತೆಯನ್ನು. ಬೆಟ್ಟವು ಕೇಳುವುದು ದೇಶದ ವಿಸ್ತಾರವನ್ನು. ಹುಲಿಯು ತಿರುಗಿ ನೋಡಿದ ನಿಮಿಷಾರ್ಧವು ಮತ್ತೆ ಬಾರದು, ಆದರೆ ಅದರ ಮೀಸೆಯ ಕೂದಲೆಲ್ಲ ಚಿತ್ರದಲ್ಲಿ ಮೂಡದಿದ್ದರೂ ಹುಲಿ ಹುಲಿಯೇ. ಬೆಟ್ಟವು ನಾಳೆಯೂ ಅಲ್ಲಿಯೇ ಇರುವುದು, ಆದರೆ ಅದರ ಮಡಿಕೆ ಮಡಿಕೆಯೂ ಕಾಣದಿದ್ದರೆ ಅದು ಬರಿಯ ಮಣ್ಣಿನ ರಾಶಿ. ದೇಶಕಾಲಗಳೆಂದು ನಮ್ಮ ಹಿಂದಿನವರು ಒಂದೇ ಸಮಾಸದಲ್ಲಿ ಹೆಣೆದ ಈ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಲು ನಡೆದ ಪ್ರಯತ್ನವೇ ಕ್ಯಾಮೆರಾದ ಚರಿತ್ರೆಯ ಒಂದು ದೊಡ್ಡ ಪಾಲು.

ನಮ್ಮ ನಾಡಿನ ಮಟ್ಟಿಗೆ ಈ ಕಥೆಯನ್ನು 1854ರ ಡಿಸೆಂಬರ್ ತಿಂಗಳಿನಿಂದ ಆರಂಭಿಸಬಹುದು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ ಎಂಬಾತನು, ಆಂಡ್ರ್ಯೂ ನೀಲ್ ಎಂಬ ವೈದ್ಯನೊಡನೆ ಹಳೇಬೀಡು ಬೇಲೂರುಗಳ ಕಡೆ ಸಂಚರಿಸಿ, ಅಲ್ಲಿಯ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಆಗಿನ ಛಾಯಾಗ್ರಾಹಕನ ಮುಂದೆಯೂ ಎರಡು ದಾರಿಗಳಿದ್ದವು, ಮತ್ತು ಎರಡೂ ತೆರೆದದ್ದು ಮೂರೇ ವರ್ಷಗಳ ಹಿಂದೆ, 1851ರಲ್ಲಿ: ಒಂದು, ಫ್ರಾನ್ಸಿನ ಗುಸ್ತಾವ್ ಲ ಗ್ರೇ ಪ್ರಕಟಿಸಿದ ಮೇಣಗಾಗದದ ಕ್ರಮ, ಇನ್ನೊಂದು, ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿಗಾಜಿನ ಕ್ರಮ. ಕಾಗದವು ಹಗುರ, ಒಡೆಯದು, ಮೊದಲೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿಟ್ಟು ಗಾಡಿಯ ಮೇಲೆ ಹೇರಿಕೊಂಡು ಹೋಗಬಹುದು. ಆದರೆ ಅದರ ನಾರು ಚಿತ್ರದಲ್ಲಿ ಇಣುಕುವುದು, ಬೆಳಕನ್ನು ಅದು ಕುಡಿಯುವುದೂ ಬಲು ನಿಧಾನ. ಗಾಜಿನಲ್ಲಿ ಚಿತ್ರವು ನಿರ್ಮಲ, ಬೆಳಕಿಗೂ ಅದು ಚುರುಕು, ಆದರೆ ಭಾರ. ಟ್ರೈಪನು ಕಾಗದವನ್ನು ಆರಿಸಿಕೊಂಡನು. ಹೊಯ್ಸಳೇಶ್ವರನ ಗುಡಿಯ ಆನೆಗಳು ಶಿಲೆಯವಾದುದರಿಂದ ನಿಮಿಷಗಟ್ಟಲೆ ಅಲುಗದೆ ನಿಂತವು. ನಾಡಿನ ಮೊದಲ ಆನೆಯ ಛಾಯಾಚಿತ್ರಗಳು ಪ್ರಾಯಶಃ ಅವೇ ಇರಬಹುದೆಂದು ನಾನು ವಿನೋದಕ್ಕೆ ಹೇಳುವುದುಂಟು.

ಹಸಿಗಾಜಿನ ಭಾರವೆಂದರೆ ಎಷ್ಟು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೊಳೆದು ಒರಸಿದ ಗಾಜಿನ ಫಲಕವನ್ನು ಎಡಗೈಯ ಬೆರಳುಗಳ ತುದಿಯಲ್ಲಿ ನಿಲ್ಲಿಸಿಕೊಂಡು, ಈಥರ್ ಮದ್ಯಸಾರಗಳಲ್ಲಿ ಕರಗಿಸಿದ ಕೊಲೋಡಿಯನ್ ಎಂಬ ಅಂಟುದ್ರವವನ್ನು ಅದರ ನಡುವೆ ಸುರಿದು, ದೋಸೆಯ ಹಿಟ್ಟು ಕಾವಲಿಯ ಅಂಚಿಗೆ ಹರಿಯುವಂತೆ ನಾಲ್ಕು ಮೂಲೆಗಳಿಗೂ ಓಲಿಸಿ, ಮಿಕ್ಕದ್ದನ್ನು ಸೀಸೆಗೆ ಬಸಿದು, ಕತ್ತಲೆಯ ಡೇರೆಯೊಳಗೆ ನುಗ್ಗಿ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಬೆಳಕು ತಾಗದ ಚೌಕಟ್ಟಿನಲ್ಲಿ ಮುಚ್ಚಿ, ಕ್ಯಾಮೆರಾದ ಬಳಿಗೆ ಓಡಿ, ಮಸೂರದ ಮುಚ್ಚಳ ತೆಗೆದು ಎಣಿಸಿ ಮುಚ್ಚಿ, ಮತ್ತೆ ಡೇರೆಗೆ ಓಡಿ ಫಲಕದ ಮೇಲೆ ಚಿತ್ರವನ್ನು ಮೂಡಿಸಬೇಕು. ಇಷ್ಟೂ ಸುಮಾರು ಹತ್ತು ನಿಮಿಷದೊಳಗೆ ಮುಗಿಯಬೇಕು, ಏಕೆಂದರೆ ಪದರವು ಒಣಗಿತೋ ಫಲಕವು ಕುರುಡಾಯಿತು. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲನು 1863ರಲ್ಲಿ ಸಿಮ್ಲಾದಿಂದ ಸುಮಾರು ಮೂವತ್ತು ಕೂಲಿಯವರ ಬೆನ್ನ ಮೇಲೆ ಈ ಸರಂಜಾಮನ್ನು ಹೊರಿಸಿಕೊಂಡು ಹಿಮಾಲಯಕ್ಕೆ ಹೊರಟನು. 1866ರಲ್ಲಿ 18,600 ಅಡಿ ಎತ್ತರದ ಮಣಿರಂಗ್ ಕಣಿವೆಯ ನೆತ್ತಿಯಲ್ಲಿ ನಿಂತು, ಬೆರಳು ಸೆಟೆಯುವ ಚಳಿಯಲ್ಲಿ, ಇದೇ ಕ್ರಮದಿಂದ ಚಿತ್ರ ತೆಗೆದನು. ಅವನ ಹಿಮಶಿಖರಗಳು ಇಂದಿಗೂ ಕಣ್ಣು ತಣಿಸುತ್ತವೆ. ಆ ಕೂಲಿಯವರ ಹೆಸರು ಮಾತ್ರ ಯಾವ ಚಿತ್ರದ ಕೆಳಗೂ ಇಲ್ಲ.

ಇಂತಹ ಯಂತ್ರಕ್ಕೆ ಕಾಡುಮೃಗವು ಸಿಕ್ಕುವುದೆಂತು? ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯನು 1871ರಲ್ಲಿ ಜೆಲಟಿನ್ನಿನ ಒಣಫಲಕವನ್ನು ಸೂಚಿಸಿ, ಆ ದಶಕದ ಕೊನೆಗೆ ಇತರರು ಅದನ್ನು ಚುರುಕುಗೊಳಿಸಿದ ಮೇಲೆಯೇ ಸೆಕೆಂಡಿನ ಚೂರುಗಳು ಛಾಯಾಗ್ರಾಹಕನ ಕೈಗೆ ಬಂದದ್ದು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1892ರಲ್ಲಿ ಹಕ್ಕಿಗೂಡಿನ ಚಿತ್ರದಿಂದ ಮೊದಲು ಮಾಡಿ, ಮುಂದೆ ಎತ್ತಿನ ಚರ್ಮದ ಟೊಳ್ಳು ಬೊಂಬೆಯೊಳಗೆ ಕ್ಯಾಮೆರಾ ಸಮೇತ ಹುದುಗಿ ಕುಳಿತು ಹಕ್ಕಿಗಳನ್ನು ವಂಚಿಸಿದರು. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಇನ್ನೂ ಸೂಕ್ಷ್ಮವಾದ ಉಪಾಯವನ್ನು ಹಿಡಿದನು. ಪೆಟ್ಟಿಗೆಗೆ ವೇಗವಿಲ್ಲದಿದ್ದರೆ ಬೆಳಕಿಗೇ ವೇಗ ಕೊಡುವುದೆಂದು, ಹುಲಿ ನಡೆಯುವ ಜಾಡಿನಲ್ಲಿ ತಂತಿಯೆಳೆದು, ರಾತ್ರಿ ಹುಲಿಯ ಕಾಲೇ ಅದನ್ನು ತಗುಲಿ ಮದ್ದಿನ ಮಿಂಚು ಹೊತ್ತಿಕೊಳ್ಳುವಂತೆ ಹೂಡಿದನು. 1927ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಹುಲಿಗಳು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡಿವೆ.

ಅದೇ 1927ರ ಏಪ್ರಿಲ್ ತಿಂಗಳಿನಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಆನ್ಸೆಲ್ ಆಡಮ್ಸ್ ಎಂಬ ತರುಣನು ಗಾಜಿನ ಫಲಕಗಳ ಕ್ಯಾಮೆರಾವನ್ನು ಹೊತ್ತು ಯೊಸೆಮಿಟಿಯ ಹಿಮದಲ್ಲಿ ಹತ್ತಿ, ಹಾಫ್ ಡೋಮ್ ಎಂಬ ಮಹಾಶಿಲೆಯ ಚಿತ್ರ ತೆಗೆದನು. ಮುಂದೆ ಅವನು ಎಂಟು ಅಂಗುಲ ಹತ್ತು ಅಂಗುಲದ ಹಾಳೆಗಳನ್ನು ಬಳಸಿದನು. ಆ ಹಾಳೆಯ ವಿಸ್ತೀರ್ಣವು, ಜರ್ಮನಿಯ ವೆಟ್ಸ್‌ಲಾರ್‌ನಿಂದ ಎರಡು ವರ್ಷ ಮೊದಲೇ ಪೇಟೆಗೆ ಬಂದಿದ್ದ ಲೈಕಾ ಎಂಬ ಪುಟ್ಟ ಕ್ಯಾಮೆರಾದ ಚೌಕಟ್ಟಿನ ಸುಮಾರು ಅರವತ್ತರಷ್ಟು. ವಿಚಿತ್ರವೇನೆಂದರೆ, ಆ ಪುಟ್ಟದನ್ನು ಹುಟ್ಟಿಸಿದ ಓಸ್ಕರ್ ಬಾರ್ನಾಕ್ ಕೂಡ ಬೆಟ್ಟಗುಡ್ಡಗಳ ಚಿತ್ರದ ಹುಚ್ಚಿನವನೇ. ಉಬ್ಬಸದ ರೋಗಿಯಾದ ಅವನಿಗೆ ದೊಡ್ಡ ಫಲಕದ ಕ್ಯಾಮೆರಾವನ್ನು ಏರುದಾರಿಯಲ್ಲಿ ಹೊರುವುದು ಅಸಾಧ್ಯವಾಗಿ, ಸಿನಿಮಾ ರೀಲಿನ ಎರಡು ಚೌಕಟ್ಟುಗಳನ್ನು ಒಂದಾಗಿಸಿ, 24ಕ್ಕೆ 36 ಮಿಲಿಮೀಟರಿನ ಚಿತ್ರ ಬರುವ ಜೇಬಿನ ಯಂತ್ರವನ್ನು ಮಾಡಿದನು. ಇಂದು ಫುಲ್ ಫ್ರೇಮ್ ಎಂದು ಗೌರವದಿಂದ ಕರೆಯುವ ಅಳತೆಯು ಒಬ್ಬ ದುರ್ಬಲ ಶ್ವಾಸಕೋಶದವನ ಅನುಕೂಲಕ್ಕಾಗಿ ಹುಟ್ಟಿದ ಸಣ್ಣ ಅಳತೆ.

ಬೆಟ್ಟಕ್ಕಾಗಿ ಹುಟ್ಟಿದ ಆ ಪುಟ್ಟ ಯಂತ್ರವು, ಹಗುರವಾದುದರಿಂದಲೇ, ಮುಂದೆ ಓಟದ ವಸ್ತುಗಳ ಪಾಲಾಯಿತು. ಹಕ್ಕಿಗಾಗಿ ಹುಟ್ಟಿದ್ದೊಂದು ಬೆಟ್ಟದ ಪಾಲಾದ ಕಥೆ ಇನ್ನೂ ಸ್ವಾರಸ್ಯವಾದುದು. ಸ್ವೀಡನ್ನಿನ ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಪಕ್ಷಿಪ್ರೇಮಿ. ವಲಸೆ ಹಕ್ಕಿಗಳ ಮೇಲೆ 1935ರಲ್ಲಿ ಪುಸ್ತಕವನ್ನೇ ಬರೆದವನು. ಯುದ್ಧಕಾಲದಲ್ಲಿ ತನ್ನ ದೇಶದ ವಾಯುಸೇನೆಗೆ ಕ್ಯಾಮೆರಾ ಮಾಡಿಕೊಟ್ಟು ಪಳಗಿ, 1948ರಲ್ಲಿ ಚೌಕ ಚಿತ್ರದ, ಕೈಯಲ್ಲಿ ಹಿಡಿಯಬಹುದಾದ ತನ್ನ ಯಂತ್ರವನ್ನು ಲೋಕಕ್ಕೆ ತೋರಿಸಿದನು; ಸೆಕೆಂಡಿನ 1,600ನೆಯ ಒಂದು ಪಾಲಿನ ಷಟರ್ ವೇಗವನ್ನು ಅದರ ಹೆಸರಿನಲ್ಲಿಯೇ ಕೆತ್ತಿದ್ದನು. ಆ ವೇಗದ ಷಟರು ಬಾಳಿಕೆಗೆ ಒಗ್ಗಲಿಲ್ಲ. 1957ರ ಮಾದರಿಯಲ್ಲಿ ಗರಿಷ್ಠ ವೇಗವು 500ನೆಯ ಒಂದು ಪಾಲಿಗೆ ಇಳಿಯಿತು, ಯಂತ್ರವು ಗಟ್ಟಿಯಾಯಿತು, ಮತ್ತು ಪ್ರಪಂಚವು ಅದನ್ನು ನಿಧಾನದ ಕೆಲಸಗಳಿಗೆ, ಭಾವಚಿತ್ರಕ್ಕೆ, ಭೂದೃಶ್ಯಕ್ಕೆ, ಕೊನೆಗೆ ಚಂದ್ರನ ನೆಲದ ಚಿತ್ರಕ್ಕೆ ಬಳಸಿತು. ಆ ಬಗೆಯ, ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾವೊಂದನ್ನು ಸ್ನೇಹಿತರಿಂದ ಎರವಲು ಪಡೆದು ನಾನೊಮ್ಮೆ ರಂಗನತಿಟ್ಟಿಗೆ ಹೋಗಿದ್ದೆ. ಅದರ ಗಾಜಿನಲ್ಲಿ ಎಡವು ಬಲವಾಗಿ ಕಾಣುವುದು. ಕೊಕ್ಕರೆ ಬಲಕ್ಕೆ ಹಾರಿದರೆ ಗಾಜಿನೊಳಗೆ ಅದು ಎಡಕ್ಕೆ ಸಾಗುತ್ತಿತ್ತು; ಅದನ್ನು ಅಟ್ಟಿಸಿಕೊಂಡು ಕೈಯೂ ಎಡಕ್ಕೆ ತಿರುಗುತ್ತಿತ್ತು; ಹನ್ನೆರಡು ಚಿತ್ರಗಳ ಆ ರೀಲಿನಲ್ಲಿ ಹನ್ನೊಂದು ಬರಿಯ ಆಕಾಶ, ಹನ್ನೆರಡನೆಯದು ದೋಣಿಯ ಅಂಚು.

ದಕ್ಷಿಣದ ಕಾಡುಗಳಲ್ಲಿ ತಿರುಗಿದ ನಮ್ಮ ಹಿರಿಯರಿಗೆ ಆಯ್ಕೆಯೆಂಬ ಸುಖವೇ ಕಡಮೆಯಾಗಿತ್ತು. ಪರದೇಶದ ಯಂತ್ರಗಳು ದುರ್ಲಭವಾಗಿದ್ದ ಆ ಕಾಲದಲ್ಲಿ ಸಿಕ್ಕಿದ್ದೇ ಪಂಚಾಮೃತ. ಮದರಾಸಿನ ಎಂ. ಕೃಷ್ಣನ್ ಅವರು ಒಂದು ಕಡೆಯ ಬಾಡಿಗೆ ಇನ್ನೊಂದು ಕಡೆಯ ಮಸೂರವನ್ನು ಬೆಸೆದು ಮಾಡಿಸಿಕೊಂಡ ಭಾರಿ ಯಂತ್ರಕ್ಕೆ ‘ಸೂಪರ್ ಪಾಂಡೆರೋಸ’ ಎಂದು ವಿನೋದದ ಹೆಸರಿಟ್ಟು, ಅದನ್ನೇ ಹೊತ್ತು ಆನೆಗಳ ಹಿಂದೆ ಅಲೆದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿದ್ದವರು. ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ಪ್ರಾಣಿಯೂ ಅದು ನಿಂತ ನೆಲವೂ ಬೇರೆಯಾಗದೆ ಕೂಡಿಕೊಂಡಿರುವುದನ್ನು ಕಂಡಾಗ, ಕಾಡು ಬೆಟ್ಟಗಳೆಂಬ ನಮ್ಮ ಭೇದವೇ ಕೃತಕವೋ ಏನೋ ಎಂದು ಶಂಕೆ ಹುಟ್ಟುತ್ತದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರ ಮಾರ್ಗದರ್ಶನದಲ್ಲಿ ಪಳಗಿದವರು ಹಲವರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ತೋಟದ ಸುತ್ತಣ ಹಕ್ಕಿಗಳ ಮುಂದೆ ತಾಳ್ಮೆಯಿಂದ ಕಾದು ತೆಗೆದ ಚಿತ್ರಗಳಿಂದ ಕನ್ನಡಿಗರ ಮನೆಗಳಿಗೆ ಹಕ್ಕಿಗಳನ್ನು ತಂದರು.

ಫಿಲ್ಮು ಹೋಗಿ ಸೆನ್ಸರ್ ಬಂದ ಮೇಲೆ ಈ ಹಳೆಯ ಜಗಳವು ಅಂಕಿಗಳ ಭಾಷೆಯನ್ನು ಕಲಿಯಿತು. 2012ರ ಆರಂಭದಲ್ಲಿ ನಿಕಾನ್ ಒಂದು ತಿಂಗಳ ಅಂತರದಲ್ಲಿ ಎರಡು ಬಾಡಿಗಳನ್ನು ಹೊರತಂದಿತು: ಡಿ4ಕ್ಕೆ 16 ಮೆಗಾಪಿಕ್ಸೆಲ್, ಸೆಕೆಂಡಿಗೆ ಹತ್ತು ಚಿತ್ರ, ಡಿ800ಕ್ಕೆ 36 ಮೆಗಾಪಿಕ್ಸೆಲ್, ಸೆಕೆಂಡಿಗೆ ನಾಲ್ಕೇ. ಟ್ರೈಪನ ಕಾಲದ ಕವಲುದಾರಿಯನ್ನು ಇಷ್ಟು ನಿಚ್ಚಳವಾಗಿ ಮತ್ತೆ ಯಾರೂ ತೋರಿಸಿರಲಾರರು. 2016ರ ಡಿ500 ಚಿಕ್ಕ ಸೆನ್ಸರಿನದು. ಅದರಲ್ಲಿ 400 ಮಿಲಿಮೀಟರಿನ ಮಸೂರವು 600ರಂತೆ ಹಕ್ಕಿಯನ್ನು ಹತ್ತಿರಕ್ಕೆಳೆಯುವುದು, ಆದರೆ ಸಂಜೆ ಆರರ ಕಬಿನಿಯ ಮಬ್ಬಿನಲ್ಲಿ, ಬೆಳಕು ಬೀಳುವ ಜಾಗವೇ ಅರ್ಧಕ್ಕಿಂತ ಕಡಮೆಯಾದುದರಿಂದ, ಆನೆಯ ಮೈಮೇಲೆ ಮರಳು ಚೆಲ್ಲಿದಂತೆ ಚಿತ್ರವು ತರಿತರಿಯಾಗುವುದು. 2017ರ ಡಿ850 ಎರಡು ದಾರಿಗಳನ್ನೂ ತಕ್ಕಮಟ್ಟಿಗೆ ಕೂಡಿಸಿತು. 2021ರಲ್ಲಿ ಬಂದ ಝಡ್9 45 ಮೆಗಾಪಿಕ್ಸೆಲ್ಲಿನ ಇಪ್ಪತ್ತು ಚಿತ್ರಗಳನ್ನು ಸೆಕೆಂಡಿಗೆ ತೆಗೆಯಬಲ್ಲುದಾಗಿ, ಮಸೂರದ ಹಿಂದಿನ ಕನ್ನಡಿಯನ್ನು ಮಾತ್ರವಲ್ಲದೆ ಯಾಂತ್ರಿಕ ಷಟರನ್ನೂ ಕಳಚಿಹಾಕಿತು. ಕನ್ನಡಿಯ ‘ಖಟ್’ ಸದ್ದಿಗೆ ಚುಕ್ಕೆ ಜಿಂಕೆ ಕಿವಿ ನಿಮಿರಿಸುತ್ತಿದ್ದ ದಿನಗಳು ಹೀಗೆ ಮುಗಿದವು. ಅಂಗಡಿಯ ಕಪಾಟಿನ ಮೇಲಂತಸ್ತಿನಲ್ಲಿ ಕುಳಿತಿರುವುದು ಈ ಜಾತಿಯದೇ.

ಒಂದೇ ಬಾಡಿಗೆ ಹಣವುಳ್ಳವನು ನನ್ನನ್ನು ಕೇಳಿದರೆ, ಪ್ರಾಣಿಗೆ ತಕ್ಕುದನ್ನು ಕೊಳ್ಳೆಂದು ಹೇಳುವೆನು. ಬೆಟ್ಟದ ಮುಂದೆ ಟ್ರೈಪಾಡ್ ಹೂಡಿ, ಪಕ್ಕಪಕ್ಕದ ಐದಾರು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಹೊಲಿದರೆ ವಿಸ್ತಾರವನ್ನು ಹೇಗೋ ಸಂಪಾದಿಸಬಹುದು. ತಪ್ಪಿಹೋದ ಕ್ಷಣವನ್ನು ಹೊಲಿಯುವ ಸೂಜಿ ಇಲ್ಲ. ಕೊಳ್ಳುವ ಮುನ್ನ ಇನ್ನೊಂದು ಕೆಲಸ ಮಾಡಿರಿ: ನಿಮ್ಮ ಬಳಿಯಿರುವ ಅತಿ ಭಾರದ ಲೆನ್ಸನ್ನು ಅಂಗಡಿಗೆ ಒಯ್ದು, ಆ ಬಾಡಿಗೆ ಕೂಡಿಸಿ, ಬೋರ್ನನ ಫಲಕ ಒಣಗುವಷ್ಟು ಹೊತ್ತು, ಅಂದರೆ ಹತ್ತು ನಿಮಿಷ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನಿಂತು ನೋಡಿರಿ.